ಹಿತ್ತಿಲಿನಿಂದ ಶುರುವಾಗುವ ಅಳತೆ

ಹಳೆಯ ಮನೆಯೊಂದನ್ನು ದಾಖಲಿಸಲು ಹೋದಾಗ ನಾನು ಮೊದಲು ಮುಂಬಾಗಿಲಿನ ಫೋಟೊ ತೆಗೆಯುವುದಿಲ್ಲ. ಮನೆಯವರ ಒಪ್ಪಿಗೆ ಪಡೆದು, ಚಪ್ಪಲಿ ಹೊರಗೆ ಬಿಟ್ಟು, ನಡುಮನೆ ದಾಟಿ ನೇರವಾಗಿ ಹಿತ್ತಿಲಿಗೆ ಹೋಗುತ್ತೇನೆ. ಬಚ್ಚಲಿನ ನೀರು ಎತ್ತ ಹರಿಯುತ್ತದೆ, ಹಿಂಗೋಡೆಯ ಬುಡ ಎಷ್ಟು ಎತ್ತರದವರೆಗೆ ತೇವ ಹೀರಿದೆ, ಸೂರಿನ ಯಾವ ಮೂಲೆಯಲ್ಲಿ ಹೆಂಚು ಜಾರಿದೆ, ಗೋಡೆಯ ಸಂದಿನಲ್ಲಿ ಅರಳಿ ಗಿಡವೇನಾದರೂ ಚಿಗುರಿದೆಯೇ ಎಂಬುದನ್ನು ನೋಡಿಕೊಂಡ ಮೇಲೆಯೇ ಟೇಪು ಬಿಚ್ಚುತ್ತೇನೆ. ಕಟ್ಟಡ ಹಾಳಾಗಲು ಶುರುವಾಗುವುದು ಬಹುತೇಕ ಹಿಂದಿನಿಂದ ಮತ್ತು ಮೇಲಿನಿಂದ. ನಮ್ಮ ಊರುಗಳಲ್ಲಿ ನಡೆಯುವ ಸಮೀಕ್ಷೆಗಳು ನೋಡುವುದು ಬಹುತೇಕ ಮುಂದಿನಿಂದ. ಈ ಒಂದು ವ್ಯತ್ಯಾಸದಿಂದ ಎಷ್ಟು ಕಟ್ಟಡಗಳು ಪಟ್ಟಿಯಲ್ಲಿ ಇದ್ದೂ ಇಲ್ಲವಾಗಿವೆ ಎಂಬುದನ್ನು ಹಲವು ವರ್ಷಗಳಿಂದ ನೋಡುತ್ತಿರುವ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಕಳೆದ ಬೇಸಿಗೆಯಲ್ಲಿ ಮಂಡ್ಯ ಜಿಲ್ಲೆಯ ಒಂದು ಹಳೆಯ ಪೇಟೆಯಲ್ಲಿ ನಾನು ಮತ್ತು ವಾಸ್ತುಶಿಲ್ಪ ಓದುತ್ತಿರುವ ಇಬ್ಬರು ವಿದ್ಯಾರ್ಥಿಗಳು ಒಂದು ತೊಟ್ಟಿ ಮನೆಯನ್ನು ಮೂರು ದಿನ ಅಳೆದೆವು. ಮನೆಯಲ್ಲಿ ಇದ್ದವರು ಎಂಬತ್ತು ದಾಟಿದ ಅಜ್ಜಿ ಮತ್ತು ಅವರ ಮಗ. ನಾವು ಟೇಪು ಹೊರತೆಗೆದದ್ದನ್ನು ಕಂಡ ಕೂಡಲೇ ಅಜ್ಜಿಯ ಮುಖ ಬಾಡಿತು. "ಏನಪ್ಪ ಮಗ, ಹೋದ್ಸಲ ರಸ್ತೆ ಅಗಲ ಮಾಡ್ತೀವಿ ಅಂದೋರೂ ಹಿಂಗೇ ಟೇಪು ಹಿಡ್ಕೊಂಡು ಬಂದಿದ್ರು. ಜಗಲೀನೇ ಹೋಯ್ತು" ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬೀದಿಗೆ ತೆರೆದುಕೊಂಡಿದ್ದ ಕಲ್ಲುಚಪ್ಪಡಿಯ ಜಗಲಿಯಿದ್ದ ಜಾಗದಲ್ಲಿ ಈಗ ಚರಂಡಿಯ ಸಿಮೆಂಟು ಮುಚ್ಚಳಗಳಿದ್ದವು. ಅಳತೆ ಎಂದರೆ ಕಳೆದುಕೊಳ್ಳುವುದರ ಮುನ್ಸೂಚನೆ ಎಂದು ತಿಳಿದಿರುವ ಮನೆಗಳಲ್ಲಿ ನಾವು ಯಾರು, ಏನನ್ನು ಬರೆದುಕೊಳ್ಳುತ್ತೇವೆ, ಬರೆದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕುಳಿತು ವಿವರಿಸಿ, ನಕ್ಷೆಯ ಒಂದು ಪ್ರತಿಯನ್ನು ಮನೆಯವರಿಗೇ ಕೊಡುತ್ತೇವೆಂದು ಮಾತು ಕೊಟ್ಟು, ಅದನ್ನು ನಡೆಸಿಕೊಡುವುದು ಈ ಕೆಲಸದ ಮೊದಲ ಹಂತ. ಮೊದಲ ದಿನದ ಬೆಳಗು ಪೂರ್ತಿ ಅದಕ್ಕೇ ಹೋಯಿತು, ಹೋಗಬೇಕಾದದ್ದೂ ಹಾಗೆಯೇ.

ತೊಟ್ಟಿ ಮನೆಯನ್ನು ಕಂಡಿರದವರಿಗಾಗಿ ಹೇಳುವುದಾದರೆ, ನಡುವೆ ಆಕಾಶಕ್ಕೆ ತೆರೆದ ತಗ್ಗಾದ ಅಂಗಳ, ಅದರ ಸುತ್ತ ಕಂಬಗಳ ಮೇಲೆ ನಿಂತ ಪಡಸಾಲೆ, ಪಡಸಾಲೆಯಿಂದ ಒಳಹೋಗುವ ಕೋಣೆಗಳು, ನಾಲ್ಕೂ ಕಡೆಯಿಂದ ಒಳಮುಖವಾಗಿ ಇಳಿದು ಬರುವ ಸೂರು. ಈ ಮನೆಗಳನ್ನು ಕಟ್ಟಿದವರು ಚದರಡಿಯಲ್ಲಿ ಮಾತಾಡುತ್ತಿರಲಿಲ್ಲ, ಅಂಕಣದಲ್ಲಿ ಮಾತಾಡುತ್ತಿದ್ದರು. ಎರಡು ತೊಲೆಗಳ ನಡುವಿನ ಅವಕಾಶ ಒಂದು ಅಂಕಣ. ನಾವು ಮಿಲಿಮೀಟರಿನಲ್ಲಿ ಬರೆದುಕೊಳ್ಳುವ ಹಾಳೆಯ ಅಂಚಿನಲ್ಲಿ ಅಂಕಣದ ಲೆಕ್ಕವನ್ನೂ ಬರೆಯಬೇಕೆಂದು ನಾನು ವಿದ್ಯಾರ್ಥಿಗಳಿಗೆ ಒತ್ತಿ ಹೇಳುವುದು ಹಳೆಯ ಮಾತಿನ ಮೇಲಿನ ಮೋಹದಿಂದಲ್ಲ. ಅಂಕಣಗಳು ಒಂದೇ ಸಮನಾಗಿ ಸಾಗಿ ಬಂದು ಒಂದು ಕಡೆ ಇದ್ದಕ್ಕಿದ್ದಂತೆ ಕಿರಿದಾದರೆ, ಅಲ್ಲಿ ಮನೆಗೆ ಏನೋ ಆಗಿದೆ ಎಂದು ಅರ್ಥ.

ಈ ಮನೆಯಲ್ಲಿ ಆದದ್ದೂ ಅದೇ. ಪಡಸಾಲೆಯ ದಕ್ಷಿಣ ಬದಿಯ ಕೊನೆಯ ಅಂಕಣ ಉಳಿದವುಗಳಿಗಿಂತ ಒಂದೂವರೆ ಅಡಿ ಕಡಿಮೆ ಇತ್ತು. ಮನೆಯ ಮಣ್ಣಿನ ಗೋಡೆಗಳ ದಪ್ಪ ಎಲ್ಲೆಡೆ ಎರಡು ಅಡಿಯ ಮೇಲಿದ್ದರೆ, ಆ ಬದಿಯ ಗೋಡೆ ಒಂದೇ ಅಡಿ ದಪ್ಪವಿದ್ದು ಇಟ್ಟಿಗೆಯದಾಗಿತ್ತು. ಕೋಣೆಯ ನಾಲ್ಕು ಬದಿಗಳನ್ನಷ್ಟೇ ಅಳೆದು ಬಿಟ್ಟರೆ ಅದು ಕಾಗದದ ಮೇಲೆ ಚೊಕ್ಕ ಆಯತವಾಗಿ ಮೂಡುತ್ತಿತ್ತು; ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆದಾಗ ಅವುಗಳ ನಡುವೆ ಎಂಟು ಅಂಗುಲದ ವ್ಯತ್ಯಾಸ ಸಿಕ್ಕಿತು. ಇದನ್ನೆಲ್ಲ ಹಾಳೆಯ ಮೇಲೆ ಜೋಡಿಸುತ್ತಿರುವಾಗ ಅಜ್ಜಿ ಬಂದು ಇಣುಕಿ ನೋಡಿ, "ಅದು ನಮ್ಮ ಮಾವನೋರು ಪಾಲಾದಾಗ ಎಬ್ಬಿಸಿದ ಗೋಡೆ ಕಣಪ್ಪ. ಆ ಕಡೆ ಮೂರು ಕಂಬ ಅವ್ರ ತಮ್ಮನ ಪಾಲಿಗೆ ಹೋಯ್ತು" ಎಂದರು. ಅಂದರೆ ನಾವು ಅಳೆಯುತ್ತಿದ್ದದ್ದು ಒಂದು ಇಡೀ ಮನೆಯನ್ನಲ್ಲ, ಒಂದು ಮನೆಯ ಮುಕ್ಕಾಲು ಪಾಲನ್ನು. ಉಳಿದ ಮೂರು ಕಂಬಗಳು ಪಕ್ಕದ ಮನೆಯ ಗಿಲಾವಿನೊಳಗೆ ಹೂತು ನಿಂತಿದ್ದವು. ಅವು ಅಲ್ಲಿವೆ ಎಂದು ಯಾವ ಫೋಟೊದಲ್ಲೂ ಕಾಣುವುದಿಲ್ಲ. ಟೇಪು ಮತ್ತು ಅಜ್ಜಿಯ ಮಾತು ಸೇರಿದಾಗ ಮಾತ್ರ ಕಂಡಿತು. ಪಕ್ಕದ ಮನೆಯವರು ನಾಳೆ ತಮ್ಮ ಗೋಡೆ ಕೆಡವಿದರೆ ಈ ಮನೆಯ ತೊಲೆಗಳು ಆಧಾರ ಕಳೆದುಕೊಳ್ಳುತ್ತವೆ ಎಂಬ ಎಚ್ಚರಿಕೆಯನ್ನು ಆ ಸಂಜೆಯೇ ದಾಖಲೆಯ ಮೊದಲ ಪುಟದಲ್ಲಿ ಬರೆದೆವು.

ಮನೆಯ ಕಾಲವನ್ನು ಗುರುತಿಸುವಾಗ ಹೊಸಬರು ಎಡವುವ ಒಂದು ಜಾಗವನ್ನು ಇಲ್ಲಿ ಹೇಳಬೇಕು. ಸೂರಿನಿಂದ ಜಾರಿದ್ದ ಒಂದು ಮಂಗಳೂರು ಹೆಂಚನ್ನು ತಿರುಗಿಸಿ ನೋಡಿದ ವಿದ್ಯಾರ್ಥಿನಿ, ಅದರ ಮೇಲೆ ಅಚ್ಚೊತ್ತಿದ್ದ 1865 ಎಂಬ ಅಂಕಿಯನ್ನು ಕಂಡು, ಮನೆಯ ವಯಸ್ಸು ಸಿಕ್ಕಿತೆಂದು ಸಂತೋಷಪಟ್ಟಳು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ವರ್ಷ ಅದು. ಕಾರ್ಖಾನೆ ಹುಟ್ಟಿದ ವರ್ಷವನ್ನೇ ಮುಂದಿನ ದಶಕಗಳ ಹೆಂಚುಗಳ ಮೇಲೂ ಒತ್ತುತ್ತಿದ್ದರಿಂದ, ಆ ಅಂಕಿ ಹೆಂಚಿನ ವಯಸ್ಸನ್ನೇ ಹೇಳುವುದಿಲ್ಲ, ಮನೆಯ ವಯಸ್ಸನ್ನು ಹೇಗೆ ಹೇಳೀತು? ಮೇಲಾಗಿ ಹಳೆಯ ಮನೆಗಳ ಸೂರಿಗೆ ಮೊದಲು ಇದ್ದದ್ದು ಕುಂಬಾರರು ಮಾಡಿದ ನಾಡಹೆಂಚು. ಮಂಗಳೂರು ಹೆಂಚು ಬಂದದ್ದು ಆಮೇಲೆ, ಕೈಯಲ್ಲಿ ಕಾಸಾದಾಗ. ಅಟ್ಟ ಹತ್ತಿ ನೋಡಿದಾಗ ನಾಡಹೆಂಚಿಗೆಂದು ಹತ್ತಿರ ಹತ್ತಿರ ಹೊಡೆದಿದ್ದ ಹಳೆಯ ರೀಪುಗಳ, ಅಂದರೆ ಹೆಂಚು ಕೂರುವ ಅಡ್ಡಪಟ್ಟಿಗಳ, ಮೊಳೆತೂತುಗಳು ಸೂರಿನ ಇಳಿಜಾರು ಮರಗಳಾದ ಪಕಾಸುಗಳ ಮೇಲೆ ಸಾಲಾಗಿ ಉಳಿದಿದ್ದವು. ನಾವು ದಾಖಲೆಯಲ್ಲಿ ಬರೆದದ್ದು ಇಷ್ಟು: ಸೂರನ್ನು ಒಮ್ಮೆಯಾದರೂ ಬದಲಿಸಲಾಗಿದೆ, ಮೂಲ ಮರದ ಕೆಲಸ ಅದಕ್ಕಿಂತ ಹಳೆಯದು. ಇಸವಿಯ ಜಾಗವನ್ನು ಖಾಲಿ ಬಿಟ್ಟೆವು. ನಮೂನೆಯಲ್ಲಿ ಖಾಲಿ ಜಾಗ ಬಿಡಲು ಧೈರ್ಯ ಬೇಕು. ತಪ್ಪು ಇಸವಿ ಒಮ್ಮೆ ಕಡತ ಸೇರಿದರೆ ಅದನ್ನು ಕಿತ್ತು ತೆಗೆಯುವುದು ಅರಳಿ ಬೇರನ್ನು ಗೋಡೆಯಿಂದ ಕಿತ್ತಷ್ಟೇ ಕಷ್ಟ.

ಬಿರುಕುಗಳ ವಿಷಯ ಇನ್ನೊಂದು. ಗೋಡೆಯಲ್ಲಿ ಬಿರುಕು ಇದೆ ಎಂದು ಬರೆದರೆ ಏನನ್ನೂ ಬರೆದಂತಾಗುವುದಿಲ್ಲ, ಏಕೆಂದರೆ ಐವತ್ತು ವರ್ಷದ ಹಿಂದೆ ಬಿಟ್ಟು ಅಲ್ಲಿಗೇ ನಿಂತ ಬಿರುಕೂ ಉಂಟು, ಈ ಮಳೆಗಾಲದಲ್ಲಿ ಬಾಯಿ ಬಿಡುತ್ತಿರುವ ಬಿರುಕೂ ಉಂಟು. ಎರಡನ್ನೂ ಬೇರ್ಪಡಿಸುವ ಸರಳ ಉಪಾಯವೆಂದರೆ ಬಿರುಕಿಗೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿಯನ್ನು ಎರಡು ತುದಿಗಳಲ್ಲಿ ಗಾರೆಯಿಂದ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆದು ಬರುವುದು. ಗೋಡೆ ಕದಲಿದರೆ ಗಾಜು ಒಡೆಯುತ್ತದೆ. ಈ ಮನೆಯಲ್ಲಿ ನಾಲ್ಕು ಕಡೆ ಹಾಗೆ ಅಂಟಿಸಿದೆವು. ಮುಂಗಾರು ಮುಗಿದ ಮೇಲೆ ಹೋದಾಗ ಮೂರು ಹಾಗೆಯೇ ಇದ್ದು, ಬಚ್ಚಲುಮನೆಯ ಮೂಲೆಯದು ಮಾತ್ರ ಎರಡು ತುಂಡಾಗಿತ್ತು. ದುರಸ್ತಿಗೆ ಇರುವ ಅಲ್ಪ ಹಣವನ್ನು ಎಲ್ಲಿ ಹಾಕಬೇಕು ಎಂಬ ಪ್ರಶ್ನೆಗೆ ಅದೇ ಉತ್ತರವಾಯಿತು.

ಇಷ್ಟು ನಿಧಾನವಾಗಿ ಒಂದೊಂದು ಮನೆಯನ್ನು ಅಳೆಯುತ್ತ ಕುಳಿತರೆ ಊರಿಡೀ ದಾಖಲಿಸುವುದು ಎಂದಿಗೆ ಎಂದು ಕೇಳುವವರಿದ್ದಾರೆ, ಮತ್ತು ಆ ಪ್ರಶ್ನೆ ನ್ಯಾಯವಾದದ್ದೇ. ಎಲ್ಲ ಕಟ್ಟಡಗಳಿಗೂ ಮೂರು ದಿನ ಕೊಡಲಾಗದು. ಬೀದಿ ಬೀದಿ ಸುತ್ತಿ ಒಂದು ತ್ವರಿತ ಪಟ್ಟಿ ಮಾಡುವುದು ಅನಿವಾರ್ಯ. ನನ್ನ ತಕರಾರು ಇರುವುದು ಆ ಪಟ್ಟಿಯಲ್ಲೇ ಕಟ್ಟಡಕ್ಕೆ ಶ್ರೇಣಿ ಕೊಟ್ಟು ಮುಗಿಸಿಬಿಡುವ ಪದ್ಧತಿಯ ಬಗ್ಗೆ. ಭಾರತದ ನಗರಗಳಲ್ಲಿ ಪಾರಂಪರಿಕ ಕಟ್ಟಡಗಳಿಗೆ ನಿಯಮ ಬಂದದ್ದು ಮೊದಲು ಮುಂಬೈಯಲ್ಲಿ, 1995ರಲ್ಲಿ. ಒಂದು, ಎರಡು, ಮೂರು ಎಂಬ ಶ್ರೇಣಿಗಳ ಕ್ರಮ ಅಲ್ಲಿಂದ ಬೇರೆ ಊರುಗಳಿಗೂ ಹಬ್ಬಿತು. ಮೊದಲ ಶ್ರೇಣಿಯ ಕಟ್ಟಡವನ್ನು ಮುಟ್ಟುವಂತಿಲ್ಲ ಎನ್ನುವಷ್ಟು ಬಿಗಿ, ಮೂರನೆಯದಕ್ಕೆ ಬರುವ ಹೊತ್ತಿಗೆ ಸಾಕಷ್ಟು ಸಡಿಲ. ಕ್ರಮದಲ್ಲಿ ದೋಷವಿಲ್ಲ. ಒಳಗೆ ಕಾಲಿಡದೆ ಶ್ರೇಣಿ ಕೊಟ್ಟಾಗ ಮಾತ್ರ ಅದು ಕಟ್ಟಡವನ್ನು ಕೆಡವಲು ಬರೆದುಕೊಟ್ಟ ಚೀಟಿಯಾಗುತ್ತದೆ.

ನಾನು ಈ ಕೆಲಸಕ್ಕೆ ಬಂದ ಹೊಸತರಲ್ಲಿ ಅಂಥದ್ದೊಂದು ಸಮೀಕ್ಷೆಯ ತಂಡದಲ್ಲಿದ್ದೆ. ಕೆಲಸ ವಹಿಸಿದ್ದ ಕಚೇರಿಯ ಒತ್ತಾಯದಿಂದ ದಿನಕ್ಕೆ ಇಂತಿಷ್ಟು ಕಟ್ಟಡ ಎಂಬ ಲೆಕ್ಕ ನಮ್ಮ ಮೇಲಿತ್ತು. ಒಂದು ಪೇಟೆ ಬೀದಿಯಲ್ಲಿ ಹಳೆಯ ಛತ್ರವೊಂದಿತ್ತು. ಅದರ ಮುಂಭಾಗಕ್ಕೆ ಎಂದೋ ಸಿಮೆಂಟು ಗಿಲಾವು ಬಳಿದು, ರೋಲಿಂಗ್ ಶಟರ್ ಇಳಿಸಿ, ಅಂಗಡಿಗಳಿಗೆ ಬಾಡಿಗೆಗೆ ಕೊಟ್ಟಿದ್ದರು. ನಾವು ಎದುರಿನ ಪುಟಪಾತಿನಿಂದ ಎರಡು ಫೋಟೊ ತೆಗೆದು, ಮೂಲ ಸ್ವರೂಪ ಉಳಿದಿಲ್ಲ ಎಂದು ಬರೆದು, ಮೂರನೆಯ ಶ್ರೇಣಿ ಕೊಟ್ಟು ಮುಂದೆ ಹೋದೆವು. ಎರಡು ವರ್ಷದ ನಂತರ ಅದನ್ನು ಕೆಡವಿದರು. ಕೆಡವುವ ದಿನ ಅಕಸ್ಮಾತ್ತಾಗಿ ಅದೇ ಬೀದಿಯಲ್ಲಿ ಹಾದುಹೋದ ನಾನು, ಬಿದ್ದ ಶಟರಿನ ಹಿಂದೆ ಒಂದು ದೊಡ್ಡ ತೊಟ್ಟಿಯನ್ನೂ, ಅದರ ಸುತ್ತ ಹಲಸಿನ ಮರದ ಹನ್ನೆರಡು ಕಂಬಗಳನ್ನೂ, ಒಂದೊಂದು ಕಂಬದ ಮೇಲೂ ಬಾಳೆಮೊಗ್ಗು ಕೆತ್ತಿದ್ದ, ತೊಲೆ ಹೊರುವ ಬೋದಿಗೆಗಳನ್ನೂ ಕಂಡೆ. ಲಾರಿಗೆ ಏರಿಸುತ್ತಿದ್ದವರನ್ನು ಒಂದು ಗಂಟೆ ನಿಲ್ಲಿಸಿ ಅಳೆಯಲೂ ನನ್ನಿಂದ ಆಗಲಿಲ್ಲ. ಆ ಛತ್ರದ ಬಗ್ಗೆ ಇಂದು ಉಳಿದಿರುವ ಸರ್ಕಾರಿ ದಾಖಲೆ ಎಂದರೆ ನಾವು ತೆಗೆದ ಆ ಎರಡು ಫೋಟೊ; ಅವುಗಳಲ್ಲಿ ಇರುವುದು ಶಟರು ಮತ್ತು ಒಂದು ಅಂಗಡಿಯ ಹೆಸರು. ಅಂದಿನಿಂದ ನಾನು ಹಿತ್ತಿಲಿನಿಂದ ಶುರು ಮಾಡುತ್ತೇನೆ.

ಒಂದು ದಾಖಲೆ ಎಷ್ಟು ದೂರ ಕೈಹಿಡಿಯಬಲ್ಲದು ಎಂಬುದಕ್ಕೆ ಹಂಪಿಯಲ್ಲಿ ಒಂದು ನಿದರ್ಶನವಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳನ್ನು ಬಳಸಿ ಅಲ್ಲಿನ ಕಟ್ಟಡಗಳ ಛಾಯಾಚಿತ್ರ ತೆಗೆದ. ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ನಾವು ಇಂದು ನೋಟಿನ ಮೇಲೂ ನೋಡುತ್ತೇವೆ, ಚಪ್ಪಟೆ ಮೇಲ್ಛಾವಣಿಯ ಆ ರೂಪವೇ ನಮ್ಮ ಕಣ್ಣಿಗೆ ಒಗ್ಗಿದೆ. ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಅದು ಆಮೇಲೆ ಇಲ್ಲವಾಯಿತು. ಆ ನೆಗೆಟಿವ್‌ಗಳು ಉಳಿದಿರದಿದ್ದರೆ ಕಲ್ಲಿನ ರಥಕ್ಕೆ ಶಿಖರವಿತ್ತು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಲು ನಮ್ಮ ಬಳಿ ಏನಿರುತ್ತಿತ್ತು? 1980ರ ದಶಕದಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕ, ಗ್ರೀನ್‌ಲಾ ಕ್ಯಾಮೆರಾ ಇಟ್ಟಿದ್ದ ಜಾಗಗಳನ್ನೇ ಹುಡುಕಿ ಅದೇ ಕೋನದಿಂದ ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸುಮಾರು 130 ವರ್ಷಗಳಲ್ಲಿ ಏನು ಬಿತ್ತು, ಏನು ನಿಂತಿತು, ಏನನ್ನು ಕಟ್ಟಿದರು ಎಂಬುದು ಒಂದೊಂದು ಕಲ್ಲಿನ ಮಟ್ಟದಲ್ಲಿ ತಿಳಿಯುತ್ತದೆ. ಅದೇ ದಶಕದಲ್ಲಿ ಪುರಾತತ್ವಜ್ಞ ಜಾನ್ ಫ್ರಿಟ್ಜ್ ಮತ್ತು ವಾಸ್ತುಶಿಲ್ಪ ಇತಿಹಾಸಕಾರ ಜಾರ್ಜ್ ಮಿಶೆಲ್ ಅವರ ತಂಡ ಹಂಪಿಯ ಅವಶೇಷಗಳ ನಡುವೆ ವರ್ಷ ವರ್ಷವೂ ಬೀಡುಬಿಟ್ಟು, ಇಡೀ ನೆಲವನ್ನು ಅಕ್ಷರಗಳಿಂದ ಗುರುತಿಸಿದ ಚೌಕಗಳಾಗಿ ವಿಂಗಡಿಸಿ, ದೊಡ್ಡ ದೇವಾಲಯಗಳ ಜೊತೆಗೆ ಹೆಸರಿಲ್ಲದ ಮಂಟಪ, ಬಾವಿ, ಗೋಡೆಯ ತುಂಡುಗಳನ್ನೂ ನಕ್ಷೆಗೆ ಸೇರಿಸಿತು. ನನಗೆ ಈ ನಕ್ಷೆಯ ಕೆಲಸದ ಮೇಲೆ ಹೆಚ್ಚು ಗೌರವ, ಏಕೆಂದರೆ ಪ್ರಸಿದ್ಧವಲ್ಲದ್ದಕ್ಕೂ ಅದು ಅಷ್ಟೇ ಶ್ರದ್ಧೆ ತೋರಿದೆ.

ಮೈಸೂರು ಸಂಸ್ಥಾನದಲ್ಲಿ 1885ರಲ್ಲಿ ಪುರಾತತ್ವ ಇಲಾಖೆ ಹುಟ್ಟಿದಾಗ ಅದನ್ನು ನಡೆಸಿದ ಬಿ.ಎಲ್. ರೈಸ್ ಅವರ ಗಮನ ಹೆಚ್ಚಾಗಿ ಶಾಸನಗಳ ಮೇಲಿತ್ತು. ಮುಂದೆ ಆರ್. ನರಸಿಂಹಾಚಾರ್ಯರ ಕಾಲದಲ್ಲಿ ಸೋಮನಾಥಪುರ, ಬೇಲೂರು, ದೊಡ್ಡಗದ್ದವಳ್ಳಿಯಂಥ ಹೊಯ್ಸಳ ದೇವಾಲಯಗಳ ಬಗ್ಗೆ ನಕ್ಷೆ, ಚಿತ್ರಗಳೊಂದಿಗೆ ಪ್ರತ್ಯೇಕ ಪುಸ್ತಕಗಳೇ ಬಂದವು. ಕಲ್ಲಿನ ದೇವಾಲಯಗಳ ಮಟ್ಟಿಗೆ ನಮ್ಮ ನಾಡಿಗೆ ಒಳ್ಳೆಯ ಪರಂಪರೆಯಿದೆ. ಮಣ್ಣು, ಮರ, ಸುಣ್ಣದ ಗಾರೆಯ ಕಟ್ಟಡಗಳಿಗೆ ಆ ಭಾಗ್ಯ ಬರಲಿಲ್ಲ.

ಅದರ ಬೆಲೆಯನ್ನು ಮೈಸೂರು ನಗರವೇ ತೆತ್ತಿದೆ. 1892ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ದೇವರಾಜ ಮಾರುಕಟ್ಟೆಯ ಉತ್ತರ ಭಾಗ 2016ರ ಆಗಸ್ಟಿನಲ್ಲಿ ಕುಸಿಯಿತು. ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಭಾಗ 2022ರ ಅಕ್ಟೋಬರಿನಲ್ಲಿ ಬಿತ್ತು. ತಿಂಗಳುಗಳನ್ನು ಗಮನಿಸಿ, ಮೂರೂ ಮಳೆಯ ದಿನಗಳು. ಆ ಕಾಲದ ಎಷ್ಟೋ ಕಟ್ಟಡಗಳ ತಾರಸಿಯನ್ನು ಮರದ ತೊಲೆ, ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ನಿಲ್ಲಿಸಿ, ಸುಣ್ಣದ ಗಾರೆ ತುಂಬಿ ಮಾಡುತ್ತಿದ್ದರು. ಮದ್ರಾಸ್ ತಾರಸಿ ಎಂದು ಅದಕ್ಕೆ ಹೆಸರು. ಮಳೆನೀರಿನ ಕೊಳವೆ ಒಂದು ಕಡೆ ಕಟ್ಟಿಕೊಂಡರೆ ನೀರು ತಾರಸಿಯ ಮೇಲೆ ನಿಂತು, ಗೋಡೆಯೊಳಗೆ ಹೂತಿರುವ ತೊಲೆಯ ತುದಿಗೆ ಇಳಿಯುತ್ತದೆ. ಕಣ್ಣಿಗೆ ಕಾಣುವ ತೊಲೆಯ ನಡುಭಾಗ ಗಟ್ಟಿಯಾಗಿಯೇ ಇರುತ್ತದೆ, ಕಾಣದ ತುದಿ ಕೊಳೆಯುತ್ತದೆ. ಗೋಡೆಯ ಬಳಿ ತೊಲೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಮರ ಕಣಕಣ ಎನ್ನುತ್ತದೆ, ಕೊಳೆತದ್ದು ಬೊಳಬೊಳ ಎನ್ನುತ್ತದೆ. ಆದ್ದರಿಂದಲೇ ಕಟ್ಟಡವನ್ನು ಮೇಲಿನಿಂದ ಕೆಳಕ್ಕೆ ಸೀಳಿ ನೋಡಿದರೆ ಕಾಣುವ ಸೆಕ್ಷನ್ ನಕ್ಷೆ ಮತ್ತು ತಾರಸಿಯ ನೀರು ಹರಿಯುವ ದಾರಿಯ ನಕ್ಷೆ ಇಲ್ಲದ ದಾಖಲೆಯನ್ನು ನಾನು ದಾಖಲೆ ಎಂದು ಒಪ್ಪುವುದಿಲ್ಲ. ಲ್ಯಾನ್ಸ್‌ಡೌನ್ ಕಟ್ಟಡ ಮತ್ತು ದೇವರಾಜ ಮಾರುಕಟ್ಟೆಯ ವಿಷಯದಲ್ಲಿ ದುರಸ್ತಿ ಮಾಡಿ ಉಳಿಸಬಹುದು ಎಂದು ಕೆಲವು ತಜ್ಞರು, ಕೆಡವಿ ಹೊಸದಾಗಿ ಕಟ್ಟಬೇಕು ಎಂದು ಇನ್ನು ಕೆಲವು ತಜ್ಞರು ವರದಿ ಕೊಟ್ಟು, ವಾದ ನ್ಯಾಯಾಲಯದವರೆಗೂ ಹೋಯಿತು. ಬಿದ್ದ ಮೇಲೆ ಅಳೆಯಲು ಹೊರಟರೆ ಆ ಅಳತೆಯೂ ವಾದದ ಒಂದು ಪಕ್ಷವಾಗಿಬಿಡುತ್ತದೆ. ಬೀಳುವ ಹತ್ತು ವರ್ಷ ಮೊದಲೇ ತಾರಸಿಯ ಸ್ಥಿತಿಯನ್ನು ಪ್ರತಿ ಮಳೆಗಾಲದ ನಂತರ ಬರೆದಿಟ್ಟ ಪುಸ್ತಕವಿದ್ದರೆ ಅದನ್ನು ಅಷ್ಟು ಸುಲಭವಾಗಿ ಯಾರೂ ತಳ್ಳಿಹಾಕಲಾರರು.

ಹಳೆಯ ಸ್ಮಾರಕಗಳನ್ನು ಕಾಪಾಡುವ ಕಾನೂನು ಇಲ್ಲವೇ ಎಂದರೆ ಇದೆ. ಕೇಂದ್ರದ್ದು 1958ರದು, ಕರ್ನಾಟಕದ್ದು 1961ರದು. ಕೇಂದ್ರ ಕಾನೂನಿಗೆ 2010ರಲ್ಲಿ ಬಂದ ತಿದ್ದುಪಡಿಯಂತೆ ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರು ನಿಯಂತ್ರಿತ ಪ್ರದೇಶ. ಇವು ಘೋಷಿತ ಸ್ಮಾರಕಗಳಿಗೆ ಅನ್ವಯಿಸುವ ಮಾತು. ಅಜ್ಜಿಯ ತೊಟ್ಟಿ ಮನೆ ಘೋಷಿತ ಸ್ಮಾರಕವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಜನ ವಾಸಿಸುವ ಮನೆ ಅದು. ರಾಜ್ಯದ ಪುರಾತತ್ವ ಇಲಾಖೆ ತಾಲ್ಲೂಕುವಾರು ನಡೆಸುತ್ತಿರುವ ಗ್ರಾಮ ಗ್ರಾಮಗಳ ಸರ್ವೇಕ್ಷಣೆ ನಿಜಕ್ಕೂ ದೊಡ್ಡ ಕೆಲಸ, ಅದರ ವರದಿಗಳಿಂದ ನಾನು ಎಷ್ಟೋ ಊರುಗಳ ವೀರಗಲ್ಲು, ಶಾಸನ, ಗುಡಿಗಳ ಜಾಡು ಹಿಡಿದಿದ್ದೇನೆ. ಅದರ ಪಕ್ಕದಲ್ಲಿ ವಾಸದ ಮನೆ, ಛತ್ರ, ಹಳೆಯ ಕಾಲದ ಶಾಲೆಗಳಾದ ಕೂಲಿಮಠ, ಅಂಗಡಿ ಸಾಲುಗಳಿಗೂ ಇಂಥದ್ದೇ ಒಂದು ಸರ್ವೇಕ್ಷಣೆ ಬೇಕು.

ಲೇಸರ್ ಸ್ಕ್ಯಾನರು, ಡ್ರೋನು ಬಂದ ಮೇಲೆ ಟೇಪು ಯಾಕೆ ಎಂದೂ ಕೇಳುತ್ತಾರೆ. ಎತ್ತರದ ಗೋಪುರಕ್ಕೆ, ಕೈಗೆಟುಕದ ತಾರಸಿಗೆ ಅವು ಬಹಳ ಒಳ್ಳೆಯ ಸಾಧನಗಳು, ಸಿಕ್ಕಾಗ ನಾನೂ ಬಳಸುತ್ತೇನೆ. ಆದರೆ ಸ್ಕ್ಯಾನರು ಕಂಡ ಮೇಲ್ಮೈಯನ್ನಷ್ಟೇ ಅಳೆಯುತ್ತದೆ. ಗಿಲಾವಿನ ಹಿಂದಿನ ಕಂಬದ ಸುದ್ದಿ ಅದಕ್ಕೆ ಅಜ್ಜಿ ಹೇಳುವುದಿಲ್ಲ. ಇನ್ನೊಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ: ಕೆತ್ತನೆಯ ಬಾಗಿಲು, ಹಳೆಯ ವಿಗ್ರಹ, ಹಿತ್ತಾಳೆಯ ದೊಡ್ಡ ಪಾತ್ರೆಗಳಿರುವ ಮನೆಯ ವಿಳಾಸವನ್ನು ಫೋಟೊ ಸಮೇತ ಎಲ್ಲರಿಗೂ ಕಾಣುವಂತೆ ಇಡಬಾರದು. ಹಳೆಯ ವಸ್ತುಗಳ ವ್ಯಾಪಾರಿಗಳು ನಮಗಿಂತ ಶ್ರದ್ಧೆಯಿಂದ ಅದನ್ನು ಓದುತ್ತಾರೆ. ಈ ಬರಹದಲ್ಲಿ ಊರಿನ ಹೆಸರು ಇಲ್ಲದಿರುವುದೂ ಅದೇ ಕಾರಣಕ್ಕೆ.

ದೀಪಾವಳಿ ಕಳೆದ ಮೇಲೆ ಅಜ್ಜಿಯ ಮಗ ಫೋನು ಮಾಡಿ, ಬಚ್ಚಲುಮನೆಯ ಕಡೆಯ ಸೂರನ್ನು ಇಳಿಸುತ್ತಿದ್ದೇವೆ, ನಿಮ್ಮ ನಕ್ಷೆ ನೋಡಿಯೇ ಪಕಾಸು ಕೊಯ್ಯಿಸುವುದೆಂದು ಆಚಾರಿ ಹೇಳಿದ್ದಾರೆ, ಬನ್ನಿ ಎಂದರು. ಹೋದೆ. ಆಚಾರಿಯವರು ನಕ್ಷೆಯನ್ನು ತೊಟ್ಟಿಯ ಕಟ್ಟೆಯ ಮೇಲೆ ಹರಡಿ, ನಾಲ್ಕು ಮೂಲೆಗೂ ಕಲ್ಲು ಇಟ್ಟುಕೊಂಡು, ಇಳಿಸಿದ ಹಳೆಯ ಪಕಾಸುಗಳನ್ನು ಒಂದೊಂದಾಗಿ ಅದರೊಂದಿಗೆ ತಾಳೆ ನೋಡುತ್ತಿದ್ದರು. ಎಲ್ಲ ಸರಿಯಿತ್ತು, ಮೂಲೆಯ ಒಂದು ಪಕಾಸಿನ ಉದ್ದದಲ್ಲಿ ಮಾತ್ರ ಎರಡಂಗುಲ ಕಡಿಮೆ ಬರೆದಿದ್ದೆವು. ಗೋಡೆಯೊಳಗೆ ಸೇರಿದ್ದ ಅದರ ತುದಿ ಅಂದು ನಮಗೆ ಕಂಡಿರಲಿಲ್ಲ. ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು ನಮ್ಮ ಅಂಕಿಯ ಮೇಲೆ ಗೀಟೆಳೆದು ಸರಿಯಾದದ್ದನ್ನು ಬರೆದರು. ಮನೆಗೆ ಬಂದು ಮೂಲ ಪ್ರತಿಯಲ್ಲೂ ಹಾಗೆಯೇ ತಿದ್ದಿ, ತಾರೀಖು ಹಾಕಿ, ಪಕ್ಕದಲ್ಲಿ ಹೀಗೆ ಬರೆದಿಟ್ಟಿದ್ದೇನೆ: ಸೂರು ಇಳಿಸಿದಾಗ ಆಚಾರಿಯವರು ಅಳೆದದ್ದು.